ತುಕ್ಕು ಡಾಕ್ಟರ ನಾಲ್ಕು ಬೋಲ್ಟು

ಅಕ್ಕನ ಎಡಗಿವಿ ಹೋಗಿದೆ ಅಂತ ಮೆಕ್ಯಾನಿಕನಿಗೆ ತಿಳಿಸಿದ್ದು ಒಂದು ಸ್ಪ್ಯಾನರು. ಊಟದ ಡಬ್ಬಿ ಕೊಡಲು ಗ್ಯಾರೇಜಿಗೆ ಬಂದವಳು ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಎಡಪಕ್ಕದಲ್ಲೇ, ಮೊಳ ದೂರದಲ್ಲಿ, ಇರುವುದರಲ್ಲೇ ದೊಡ್ಡ ಸ್ಪ್ಯಾನರು ಅವನ ಕೈಜಾರಿ ಸಿಮೆಂಟಿನ ಮೇಲೆ ಬಿತ್ತು. ರಸ್ತೆಯಾಚೆ ಮಲಗಿದ್ದ ನಾಯಿ ಕೂಡ ಸರಿಯಾಗಿ ಅದು ಬಿದ್ದ ಕಡೆಗೇ ನೋಡಿತು. ಅಕ್ಕ ಮಾತ್ರ ಬೆಚ್ಚಿ ಬಲಕ್ಕೆ ತಿರುಗಿ, ಏನು ಬಿತ್ತು ಅಂತ ಹುಡುಕಿದಳು.

“ಯಾವಾಗಿಂದ?” ಅಂದ.

“ಏನು ಯಾವಾಗಿಂದ?”

“ಕಿವಿ.”

“ಶೀತ ಕಣೋ. ಹೋಗತ್ತೆ.”

“ಶೀತಕ್ಕೆ ಐದು ಬೆರಳಿರತ್ತೇನಕ್ಕ?”

ಅಕ್ಕ ಸೆರಗು ಎಳೆದು ಕೆನ್ನೆ ಮುಚ್ಚಿಕೊಂಡಳು. ಆಮೇಲೆ ನಕ್ಕಳು. ಆ ನಗುವೇ ಅವನನ್ನು ಕೊಂದದ್ದು. “ಒಂದು ಕಿವಿ ಸಾಕು ಬಿಡೋ. ನಿಮ್ಮ ಭಾವ ಆಡೋ ಮಾತಿಗೆ ಅದೂ ಜಾಸ್ತಿ.”

“ಬಂದುಬಿಡು ನನ್ನ ಹತ್ರ.”

“ನಿನ್ನ ರೂಮಲ್ಲಿ ಇಬ್ಬರು ಮಲಗಿದ್ರೆ ಬಾಗಿಲು ತೆಗೆಯಕ್ಕಾಗಲ್ಲ. ಡಬ್ಬಿ ತೊಳೆದಿಡು, ನಾಳೆ ತಗೊಂಡು ಹೋಗ್ತೀನಿ.”

ತಾಯಿ ಹೋದಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಆಗ ಅವಳ ಸೊಂಟಕ್ಕೂ ಅವನ ಎತ್ತರಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹೊತ್ತು ಹೊತ್ತು ಇವತ್ತಿಗೂ ಒಂದು ಕಡೆ ವಾಲಿಕೊಂಡೇ ನಡೆಯುತ್ತಾಳೆ.

ಭಾವ ಕಲ್ಲು ಕ್ವಾರಿಗೆ ಪಿಕಪ್ ಓಡಿಸುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ. ಯಾರ ಮನೆ ಸಾಮಾನು ಸಾಗಿಸಬೇಕಾದರೂ ಅವನೇ, ಯಾರ ಜಗಳ ಬಿಡಿಸಬೇಕಾದರೂ ಅವನೇ. ಪೊಲೀಸ್ ಸ್ಟೇಷನ್ನಿನ ಕಾಂಪೌಂಡಿನ ಕಲ್ಲು ಕೂಡ ಅವನ ಗಾಡಿಯಲ್ಲೇ ಬಂದದ್ದು. ಅಲ್ಲಿಗೆ ಹೋಗಿ ದೂರು ಕೊಟ್ಟರೆ ಮೊದಲು ನಗುವವರು ಯಾರು ಅಂತ ಮೆಕ್ಯಾನಿಕನಿಗೆ ಮುಖ ಸಮೇತ ಗೊತ್ತಿತ್ತು.

ಹಾಗಾಗಿ ಕೊಲ್ಲುವ ಯೋಚನೆ ಬಂದಾಗ ಅವನೇನೂ ಬೆವರಲಿಲ್ಲ. ರಿಪೇರಿಗೆ ಬಂದ ಗಾಡಿಯನ್ನು ಒಪ್ಪಿಕೊಂಡಷ್ಟೇ ಸಲೀಸಾಗಿ ಒಪ್ಪಿಕೊಂಡ. ಎಲ್ಲಿಂದ ಶುರು ಮಾಡಬೇಕು ಅಂತ ಮಾತ್ರ ಯೋಚಿಸುತ್ತಿದ್ದ. ಅದನ್ನು ಭಾವನೇ ತಂದುಕೊಟ್ಟ.

“ಏನ್ ಡಾಕ್ಟ್ರೇ!” ಗ್ಯಾರೇಜಿನ ಪಕ್ಕದ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಅದರ ಬಾನೆಟ್ಟು ತಟ್ಟುತ್ತಾ ಕೂಗಿದ. “ನನ್ನ ಮುದುಕಿ ಸೊಂಟ ಟಕ್ ಟಕ್ ಅಂತಿದೆ. ನಾಡಿ ನೋಡ್ತೀಯಾ, ಇಲ್ಲ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಲಾ?”

ಮೆಕ್ಯಾನಿಕನಿಗೆ ಆ ರಸ್ತೆಯಲ್ಲಿ ತುಕ್ಕು ಡಾಕ್ಟರು ಅಂತಲೇ ಹೆಸರು. ಬೇರೆಯವರು ಕೈಬಿಟ್ಟ ತುಕ್ಕಿನ ಬೋಲ್ಟು ಅವನ ಕೈಗೆ ಬಂದರೆ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತಿತ್ತು. ಗಾಡಿಯಡಿಗೆ ನುಸುಳಿ ನೋಡಿದ. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆ ಶಾಫ್ಟು, ಅದರ ಹಿಂತುದಿಯ ಕಬ್ಬಿಣದ ತಟ್ಟೆ, ತಟ್ಟೆಯನ್ನು ಹಿಡಿದ ನಾಲ್ಕು ಬೋಲ್ಟು. ನಾಲ್ಕೂ ಮರದ ತೊಗಟೆಯ ಹಾಗೆ ತುಕ್ಕು ಹೊದ್ದಿದ್ದವು. ಶಾಫ್ಟಿನ ಪಕ್ಕದಲ್ಲೇ, ಗೇಣು ಅಂತರದಲ್ಲಿ, ಹಿಂದಿನ ಬ್ರೇಕಿನ ಸಣ್ಣ ಪೈಪು ಹಾದುಹೋಗಿತ್ತು. ಅಲ್ಲೇ ಮಲಗಿ ಅದನ್ನೇ ನೋಡುತ್ತಿದ್ದ. ಹೊರಗೆ ಬರುವಷ್ಟರಲ್ಲಿ ಇಡೀ ಲೆಕ್ಕಾಚಾರ ತಲೆಯಲ್ಲಿ ಕೂತಿತ್ತು.

“ಆಗಲ್ಲ ಭಾವ,” ಅಂದ, ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿ. “ಬೋಲ್ಟು ತಟ್ಟೆ ಎಲ್ಲ ತುಕ್ಕು ಹಿಡಿದು ಒಂದೇ ಆಗಿಬಿಟ್ಟಿದೆ. ನಾನು ಕೈ ಹಾಕಲ್ಲ. ಬೇರೆ ಶಾಫ್ಟು ತರಿಸೋಣ. ಅಲ್ಲೀವರೆಗೂ ಕ್ವಾರಿ ಏರು ಹತ್ತಿಸಬೇಡಿ.”

“ಹತ್ತದೆ ಇದ್ರೆ ಕಲ್ಲು ತಾನಾಗೇ ನಡ್ಕೊಂಡು ಬರತ್ತೇನೋ?”

ಬೆಂಚಿನ ಮೇಲೆ ಕೂತವರೆಲ್ಲ ನಕ್ಕರು. ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಹೇಳಿದ: “ತುಕ್ಕು ಡಾಕ್ಟ್ರೇ ಕೈ ಎತ್ತಿದ್ಮೇಲೆ ಮುಗೀತು ಬಿಡಿ. ಇನ್ನು ದೇವರೇ ಗತಿ.”

ಸಾಕ್ಷಿಗಳು ಅಂದರೆ ಹೀಗಿರಬೇಕು. ಕರೆಯದೆ ಬಂದವರು, ನಗುತ್ತಾ ಕೇಳಿಸಿಕೊಂಡವರು, ನಾಳೆ ಕೇಳಿದರೆ ತಾವೇ ಪೈಪೋಟಿಯಲ್ಲಿ ಹೇಳುವವರು. ಅವನು ಬೇಡ ಅಂದ, ಕೈಯೇ ಹಾಕಲಿಲ್ಲ, ಎಚ್ಚರಿಕೆ ಬೇರೆ ಕೊಟ್ಟ. ನಿಜ ಹೇಳಬೇಕೆಂದರೆ ಆ ತುಕ್ಕು ಅವನ ಮಟ್ಟಿಗೆ ತುಕ್ಕೇ ಅಲ್ಲ.

ಕ್ವಾರಿಯಿಂದ ಮೇಲೆ ಬರುವ ದಾರಿ ಕಡಿದು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪಾತಾಳ. ತುಂಬಿದ ಗಾಡಿ ಅಲ್ಲಿ ಮೊದಲನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತುವಾಗ ಶಾಫ್ಟಿನ ಮೇಲೆ ಬೀಳುವಷ್ಟು ಭಾರ ಬೇರೆಲ್ಲೂ ಬೀಳುವುದಿಲ್ಲ. ಬೋಲ್ಟು ಮುರಿಯಬೇಕಾದರೆ ಅಲ್ಲೇ ಮುರಿಯುತ್ತದೆ. ಕಳಚಿಕೊಂಡ ಶಾಫ್ಟು ಸುಮ್ಮನೆ ಬೀಳುವುದಿಲ್ಲ, ಬಾಲ ತುಳಿದ ಹಾವಿನ ಹಾಗೆ ಬಡಿದಾಡುತ್ತದೆ. ಪಕ್ಕದ ಬ್ರೇಕು ಪೈಪನ್ನು ಅದೇ ಕಡಿದುಹಾಕುತ್ತದೆ. ಹಳೆ ಗಾಡಿ, ಒಂದು ಪೈಪು ಕಡಿದರೆ ಎಲ್ಲ ಬ್ರೇಕೂ ಹೋದಂತೆ. ಆಮೇಲೆ ಗಾಡಿ ಹಿಂದಕ್ಕೆ, ಪಾತಾಳಕ್ಕೆ.

ಗರಗಸ ಅವನು ಮುಟ್ಟಲಿಲ್ಲ. ಗರಗಸ ಗೆರೆ ಬಿಡುತ್ತದೆ, ಗೆರೆ ಬಾಯಿ ಬಿಡುತ್ತದೆ. ಬದಲಿಗೆ ಗ್ಯಾರೇಜಿನ ಹಿಂದಿನ ಗುಜರಿ ರಾಶಿಯಲ್ಲಿ ಕೂತು, ಅದೇ ಅಳತೆಯ ಹಳೆ ಬೋಲ್ಟುಗಳನ್ನು ಹೆಣ್ಣು ನೋಡುವವನ ಹಾಗೆ ಒಂದೊಂದೇ ತಿರುಗಿಸಿ ನೋಡಿ ಆರಿಸಿದ. ತಿರುಪಿನ ಥ್ರೆಡ್ಡು ಚೆನ್ನಾಗಿರಬೇಕು, ತಲೆ ಸರಿಯಿರಬೇಕು, ಸೊಂಟ ಮಾತ್ರ ತುಕ್ಕು ತಿಂದು ಬಿರುಕು ಬಿಟ್ಟಿರಬೇಕು. ಅಂಥ ನಾಲ್ಕು ಸಿಕ್ಕವು. ನಾಳೆ ಯಾವ ಪಂಡಿತ ಬಂದು ಭೂತಗನ್ನಡಿ ಹಿಡಿದರೂ ಮುರಿದ ಜಾಗದಲ್ಲಿ ಕಾಣುವುದು ಹಳೇ ತುಕ್ಕು. ಅದು ಸುಳ್ಳೂ ಅಲ್ಲ.

ಕ್ವಾರಿಗೆ ವಾರಕ್ಕೊಂದು ದಿನ ರಜೆ. ಅವತ್ತು ಭಾವ ಮಧ್ಯಾಹ್ನ ಕುಡಿದು ಮಲಗುತ್ತಿದ್ದ. ಅಕ್ಕ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಇರುತ್ತಿದ್ದಳು. ಗಾಡಿ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ. ಮೊದಲ ರಜೆಯಲ್ಲಿ ಹೋಗಿ ನಾಲ್ಕೂ ಬೋಲ್ಟಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಬಂದ, ಅಷ್ಟೇ. ಆಮೇಲೆ ಒಂದು ವಾರ ಭಾವನೇ ಗಾಡಿ ಕುಲುಕಿಸಿ ಕುಲುಕಿಸಿ ಆ ಎಣ್ಣೆಯನ್ನು ಒಳಗೆ ಇಳಿಸಿಕೊಟ್ಟ. ತನ್ನ ಗುಂಡಿಗೆ ತಾನೇ ಹಾರೆ ಹಾಕಿದ ಹಾಗೆ ಅಂತ ನೆನೆದು ಮೆಕ್ಯಾನಿಕ ಒಬ್ಬನೇ ಇದ್ದಾಗ ಒಂದು ಸಲ ನಕ್ಕ. ನಗು ಚೆನ್ನಾಗಿ ಬರಲಿಲ್ಲ.

ಎರಡನೇ ರಜೆಯಲ್ಲಿ ಬೆನ್ನಡಿಗೆ ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿದ. ಗೋಡೆಯಾಚೆ ಭಾವನ ಗೊರಕೆ. ಗೊರಕೆ ಏರಿದಾಗ ಕೆಲಸ, ಇಳಿದಾಗ ಸುಮ್ಮನೆ. ಬೆಂಕಿ ತೋರಿಸಿದರೆ ಮಸಿ ಉಳಿಯುತ್ತದೆ, ಸುತ್ತಿಗೆ ಹೊಡೆದರೆ ಸದ್ದು. ಉಳಿದದ್ದು ತಾಳ್ಮೆ. ತುಕ್ಕು ಹಿಡಿದವನ ಜತೆ ಜಗಳಕ್ಕೆ ಇಳಿಯಬಾರದು, ಮೊದಲು ಅವನ ಮಾತಿಗೆ ಹೂಂ ಅನ್ನಬೇಕು. ಹಾಗೇ ಸ್ಪ್ಯಾನರನ್ನು ಮೊದಲು ಬಿಗಿ ಮಾಡುವ ಕಡೆಗೇ ಕೂದಲೆಳೆಯಷ್ಟು ಒತ್ತಿದ. ಆಮೇಲೆ ಬಿಚ್ಚುವ ಕಡೆಗೆ. ಮತ್ತೆ ಆ ಕಡೆ, ಮತ್ತೆ ಈ ಕಡೆ. ಕೊನೆಗೆ ಮೊದಲನೇ ಬೋಲ್ಟು ‘ಟಿಕ್’ ಅಂತು. ಆ ಸದ್ದಿಗೆ ಅವನ ಮೈ ಜುಮ್ಮೆಂದಿತು. ಕೊಲೆ ಅನ್ನುವುದನ್ನೂ ಮರೆತು ಖುಷಿಪಟ್ಟ, ಆಮೇಲೆ ನಾಚಿಕೊಂಡ.

ನಾಲ್ಕೂ ಬಂದವು. ಆರಿಸಿ ತಂದ ನಾಲ್ಕನ್ನು ಕೂರಿಸುವಾಗ ಕಷ್ಟವೇನೂ ಇರಲಿಲ್ಲ. ಅದು ಕೈಗೆ ಬರುವ ಕೆಲಸ, ತಲೆಗೆ ರಜೆ. ಅವನ ತಲೆ ಅಕ್ಕನ ಹತ್ತಿರ ಹೋಗಿತ್ತು. ಸ್ವಲ್ಪ ದಿನ ಅಳುತ್ತಾಳೆ. ಆಮೇಲೆ ದೊಡ್ಡ ಮನೆ ನೋಡಬೇಕು, ಬಾಗಿಲು ಪೂರ್ತಿ ತೆಗೆಯುವಂಥದ್ದು. ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅವಳು ಯಾವಾಗಲೂ ಅವನ ಎಡಕ್ಕೆ ನಡೆಯಬೇಕು, ಆಗ ಕೇಳುವ ಕಿವಿ ಅವನ ಕಡೆಗಿರುತ್ತದೆ. ಅಷ್ಟರಲ್ಲಿ ಕೊನೆಯ ಬೋಲ್ಟೂ ಬಿಗಿಯಾಗಿತ್ತು.

ಹೊರಗೆ ಸೋರಿದ ಎಣ್ಣೆಯನ್ನು ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿದ. ತಲೆಗಳ ಮೇಲೆ ಸ್ಪ್ಯಾನರು ಕಚ್ಚಿದ ಹೊಳಪಿಗೆ ತುಕ್ಕಿನ ಪುಡಿ ಮೆತ್ತಿದ, ಮೇಲೆ ರಸ್ತೆಯ ದೂಳು ಊದಿದ. ಹಳೆಯ ನಾಲ್ಕನ್ನು ಗುಜರಿ ರಾಶಿಗೆ ಎಸೆದ. ಸಾವಿರ ಬೋಲ್ಟಿನ ನಡುವೆ ನಾಲ್ಕು ಬೋಲ್ಟು, ಅವನಿಗೇ ಮತ್ತೆ ಹುಡುಕಲು ಬರುತ್ತಿರಲಿಲ್ಲ.

ಮುದುಕಿ ಮೂರು ದಿನ ತಾಳಿದಳು. ನಾಲ್ಕನೇ ದಿನ ಟೀ ಅಂಗಡಿಯವನು ಓಡಿಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತ. “ನಿಮ್ಮ ಭಾವನ ಗಾಡಿ ಕ್ವಾರಿ ಏರಿಂದ ಕೆಳಗೆ ಹೋಯ್ತು, ಅವರು ಉಳೀಲಿಲ್ಲ,” ಅಂದ. ಮೆಕ್ಯಾನಿಕನ ಮುಖ ತಾನಾಗೇ ಬಿಳಿಚಿಕೊಂಡಿತು, ನಟಿಸಬೇಕಾಗಲಿಲ್ಲ. ಅದೊಂದೇ ಅವನು ಲೆಕ್ಕ ಹಾಕದೆ ಇದ್ದ ಅನುಕೂಲ.

ರಸ್ತೆಯವರೆಲ್ಲ ಒಂದೇ ಮಾತು ಹೇಳಿದರು. “ಪಾಪ, ಬಾಮೈದ ಹೇಳಿದ್ದ ಕಣ್ರೀ. ಹತ್ತಿಸಬೇಡಿ ಅಂತ ನಮ್ಮೆದುರಿಗೇ ಹೇಳಿದ್ದ.” ಪೊಲೀಸರೂ ಅದನ್ನೇ ಬರೆದುಕೊಂಡರು. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಭಾವನ ಗಾಡಿ ಬರುತ್ತಿದ್ದ ಹೊತ್ತಿಗೆ ದಿನಾ ಹೊಸಿಲ ಮೇಲೆ ಕೂತು, ಕೇಳುವ ಕಿವಿಯನ್ನು ರಸ್ತೆ ಕಡೆಗಿಟ್ಟು ಕಾಯುತ್ತಿದ್ದಳು.

“ಒಳಗೆ ಬಾ ಅಕ್ಕ.”

“ತಡಿಯೋ. ಈಗ ಬರೋ ಹೊತ್ತು.”

ದೊಡ್ಡ ಮನೆಯ ಮಾತನ್ನು ಬಿಟ್ಟು ಅವನೂ ಹೊಸಿಲ ಪಕ್ಕ ಕೂತ. ಅವಳು ಯಾವ ಮನೆಗೂ ಬರುವವಳಲ್ಲ, ಅದು ಅವನಿಗೆ ಅವತ್ತೇ ಗೊತ್ತಾಯಿತು.

ಸಾವಿಗೆ ಕಾರಣವಾದ ಗಾಡಿಯನ್ನು ಪರೀಕ್ಷೆ ಮಾಡದೆ ಬಿಡುವಂತಿರಲಿಲ್ಲ. ಮುರಿದ ಭಾಗ ಬಿಚ್ಚಿಕೊಡಲು ಯಾರಾದರೂ ಕೆಲಸಗಾರ ಬೇಕು ಅಂತ ಪೊಲೀಸರು ಕೇಳಿದಾಗ ಅಕ್ಕನೇ ಹೇಳಿದಳಂತೆ: “ನನ್ನ ತಮ್ಮನ್ನ ಕರೀರಿ. ಅವರ ಗಾಡೀನ ಬೇರೆಯವರು ಮುಟ್ಟೋದು ಬೇಡ.” ಅವನಿಗೂ ಅದೇ ಬೇಕಿತ್ತು. ಕೊನೆಯ ಮೊಳೆ ತಾನೇ ಹೊಡೆಯಬಹುದು.

ಸ್ಟೇಷನ್ನಿನ ಹಿಂದೆ, ಭಾವ ತಂದ ಕಲ್ಲಿನ ಗೋಡೆಗೆ ಒರಗಿ ಗಾಡಿ ಬಿದ್ದಿತ್ತು. ವಾಹನ ಪರೀಕ್ಷೆಯ ಇನ್ಸ್‌ಪೆಕ್ಟರು ನಿದ್ದೆಗಣ್ಣಿನ ಮನುಷ್ಯ, ಬೇಗ ಮುಗಿಸಿ ಊಟಕ್ಕೆ ಹೋಗುವ ಆತುರದವರು. ಮುರಿದ ಬೋಲ್ಟಿನ ಮುಖ ನೋಡಿ “ಹಳೇ ತುಕ್ಕು” ಅಂದರು, ಪೇದೆ ಬರೆದುಕೊಂಡ. ಮೆಕ್ಯಾನಿಕ ಡ್ರಿಲ್ಲು ಹೊರತೆಗೆದು ದೊಡ್ಡದಾಗಿ ಉಸಿರು ಬಿಟ್ಟ. “ಸಾರ್, ತಟ್ಟೆಯೊಳಗೆ ಉಳಿದಿರೋ ತುಂಡು ಕೊರೀದೆ ಬರಲ್ಲ. ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ, ಕಚ್ಚಿಕೊಂಡುಬಿಟ್ಟಿದೆ. ಅದಕ್ಕೇ ನಾನು ಕೈ ಹಾಕಲ್ಲ ಅಂದಿದ್ದು. ಅರ್ಧ ದಿನ ಹಿಡಿಯತ್ತೆ.” “ಅರ್ಧ ದಿನಾನಾ?” ಅಂತ ಬೇಸರದಿಂದ ಇನ್ಸ್‌ಪೆಕ್ಟರು ಬಗ್ಗಿ, ಎಷ್ಟು ಗಟ್ಟಿಯಿದೆ ನೋಡೋಣ ಅಂತ ತುಂಡಿನ ಒರಟು ಮುಖಕ್ಕೆ ಹೆಬ್ಬೆರಳ ಉಗುರು ಒತ್ತಿದರು. ತುಂಡು ತಿರುಗಿತು. ಇನ್ನೊಂದಿಷ್ಟು ತಿರುಗಿಸಿದರು. ಸೀಸೆಯ ಮುಚ್ಚಳ ಬಂದ ಹಾಗೆ ಸಲೀಸಾಗಿ ಅದು ಅವರ ಅಂಗೈಗೆ ಬಂತು, ಥ್ರೆಡ್ಡಿನ ಸುತ್ತ ಜೇನಿನ ಬಣ್ಣದ ಹೊಸ ಗ್ರೀಸು ಹೊಳೆಯುತ್ತಿತ್ತು. “ಇದನ್ನ ಕೂರಿಸಿದೋನು ಒಳ್ಳೆ ಕೆಲಸಗಾರ ಕಣಯ್ಯ,” ಅಂದರು ಅವರು, ಕಣ್ಣಿನ ನಿದ್ದೆ ಪೂರ್ತಿ ಇಳಿದುಹೋಗಿತ್ತು. “ಮುಂದೆ ಬಿಚ್ಚೋನು ಒದ್ದಾಡಬಾರದು ಅಂತ ಗ್ರೀಸು ಹಚ್ಚಿದಾನೆ. ಅದೂ ಮೊನ್ನೆ ಮೊನ್ನೆ.” ಮೆಕ್ಯಾನಿಕನಿಗೆ ಹಚ್ಚಿದ ನೆನಪೇ ಇರಲಿಲ್ಲ. ತನ್ನ ಬಲಗೈ ನೋಡಿಕೊಂಡ. ಹುಟ್ಟಿದಾಗಿನಿಂದ ಒಂದು ಬೋಲ್ಟನ್ನೂ ಒಣಗಿದ ಥ್ರೆಡ್ಡಿನಲ್ಲಿ ಕೂರಿಸಿ ಗೊತ್ತಿಲ್ಲದ ಬೆರಳುಗಳು, ಅವತ್ತು ಅವನ ತಲೆ ಅಕ್ಕನ ಹತ್ತಿರ ಹೋಗಿದ್ದಾಗ, ಅವನನ್ನು ಕೇಳದೆ ತಮ್ಮ ಕೆಲಸ ಮಾಡಿ ಮುಗಿಸಿದ್ದವು.