ಶಾಂತಿ ಗೋಡೆಯ ಆಚೆ

ಗೋಡೆಯೂ ಶಾಂತಿಯೂ ಒಂದೇ ಹೆಸರಿನಲ್ಲಿ ಸಂಸಾರ ಮಾಡುತ್ತಿರುವುದು ಬೆಲ್‌ಫಾಸ್ಟಿನಲ್ಲಿ ಮಾತ್ರ. ಕ್ಯಾಥಲಿಕ್ಕರು ಈಚೆ, ಪ್ರಾಟೆಸ್ಟೆಂಟರು ಆಚೆ, ನಡುವೆ ಉತ್ತರ ಐರ್ಲೆಂಡಿನ ಗಲಭೆಯ ಕಾಲದ ಶಾಂತಿ ಗೋಡೆ. ಮಿಮಿಕ್ರಿ ಕಾರ್ತಿ ಎಂದೇ ಹೆಸರಾದ ನನ್ನ ಇನ್ನೊಂದು ತಮಾಷೆ ಎಂದು ತಳ್ಳಿಹಾಕಬೇಡಿ, ಇದು ನನ್ನೆದುರೇ ನಡೆದದ್ದು.

ನನ್ನ ರೂಮ್‌ಮೇಟ್ ದಿಲೀಪನ ಅಪ್ಪ ಮಾರ್ಚಿನಲ್ಲಿ ಊರಲ್ಲಿ ತೀರಿಕೊಂಡರು. ಪಾಸ್‌ಪೋರ್ಟ್ ವೀಸಾ ಆಫೀಸಿನಲ್ಲಿ ಸಿಕ್ಕಿಕೊಂಡಿದ್ದರಿಂದ ಅವನಿಗೆ ಮಣ್ಣಿಗೆ ಹೋಗಲಾಗಲಿಲ್ಲ. ಅಂದಿನಿಂದ ಅವನು ನಕ್ಕಿರಲಿಲ್ಲ.

ಅಕ್ಟೋಬರಿನ ಒಂದು ಸಂಜೆ ಟೂರಿಸ್ಟರಂತೆ ಅವನೂ ಮಾರ್ಕರ್ ಹಿಡಿದು ಗೋಡೆಯ ಮೇಲೆ ‘ಅಪ್ಪಾ, ತಪ್ಪಾಯ್ತು’ ಎಂದು ಬರೆಯುತ್ತಿದ್ದ. ಹೇಗಾದರೂ ನಗಿಸಬೇಕೆಂದು ನಾನು ಗೇಟು ದಾಟಿ ಆಚೆ ಬದಿಗೆ ಹೋಗಿ, ಫೋನಿನಲ್ಲಿ ಕೇಳಿದ್ದ ಅವನಪ್ಪನ ನಶ್ಯ ಏರಿಸಿದ ದನಿಯಲ್ಲಿ ಕೂಗಿದೆ: “ಲೋ ದಿಲೀಪ, ಉಂಡ್ಯೇನ್ಲಾ?”

ಅವನು ಬಿಕ್ಕಿ ಅತ್ತದ್ದು ಗೋಡೆ ದಾಟಿ ಕೇಳಿಸಿತು. ಎಂಥ ಕೆಲಸ ಮಾಡಿದೆ ಎಂದು ಓಡಿ ಬಂದರೆ ರಾತ್ರಿಗೆಂದು ಗೇಟು ಮುಚ್ಚಿತ್ತು. ಸುತ್ತು ಹಾಕಿ ಬರಲು ಮುಕ್ಕಾಲು ಗಂಟೆ ಹಿಡಿಯಿತು.

ದಿಲೀಪ ಗೋಡೆಗೆ ಕೆನ್ನೆ ಒತ್ತಿ ನಿಂತಿದ್ದ. ಆ ಚಳಿಯಲ್ಲೂ ಗೋಡೆ ಬೆಚ್ಚಗಿತ್ತು, ನಶ್ಯದ ವಾಸನೆ ಬರುತ್ತಿತ್ತು. ಆಚೆಯಿಂದ ಯಾರೋ ಮೆಲ್ಲಗೆ, ಕನ್ನಡದಲ್ಲಿ ಹೇಳುತ್ತಿದ್ದರು: “ಬಿಡ್ಲಾ, ನೀನು ಬರ್ನಿಲ್ಲ ಅಂತ ನಂಗೇನೂ ಬೇಜಾರಿಲ್ಲ.”

ಹಿಂದೆ ನಿಂತ ನನ್ನನ್ನು ಅವನು ನೋಡಲಿಲ್ಲ. ಕೆನ್ನೆ ತೊಯ್ದಿದ್ದರೂ ಬೀದಿಯೆಲ್ಲ ಕೇಳುವಂತೆ ನಗುತ್ತ, ಗೋಡೆಯಾಚೆಗೆ ಕೂಗಿದ: “ಸಾಕು ನಿಲ್ಸೋ ಕಾರ್ತಿ, ಸೇಮ್ ನಮ್ಮಪ್ಪನೇ ಕಣೋ!”