ಹೆಬ್ಬೆರಳು ಇಟ್ಟ ಜಾಗ

ಮೋಟಾರು ಕಂಪನಿಯ ಷೆಡ್ಡಿನಲ್ಲಿ, ಕುದುರೆಕೂದಲು ತುಂಬಿದ ಗಾಡಿಯ ಸೀಟಿನ ಮೇಲೆ ತೊಗಲನ್ನು ಬಿಗಿಯಾಗಿ ಎಳೆದು ಲವೀನಿಯ ಕೊನೆಯ ಸಾಲು ಹೊಲಿಯುತ್ತಿದ್ದಳು. ಆಗಲೇ ಷೆರೀಫ್ ಬಂದು ಅವಳ ಗಂಡ ಆರ್ಲೋನನ್ನು ಹಿಡಿದುಕೊಂಡು ಹೋದ.

ಬಂಡವಾಳಗಾರರ ಮುಂದೆ ಗುಡ್ಡ ಹತ್ತಿಸಿ ತೋರಿಸಬೇಕಿದ್ದ ಹೊಸ ಮೋಟಾರು ಗಾಡಿ ಕಲ್ಲುಗಣಿಯ ನೀರಿನಲ್ಲಿ ಸಿಕ್ಕಿತ್ತು. ಭಾನುವಾರ ಊರೆಲ್ಲ ಚರ್ಚಿನಲ್ಲಿದ್ದಾಗ ಯಾರೋ ಅದನ್ನು ಓಡಿಸಿಕೊಂಡು ಹೋಗಿ ಕೆಡವಿದ್ದರು. ಗಾಡಿಗಳನ್ನು ಓಡಿಸಿ ಪರೀಕ್ಷಿಸುವ ಆರ್ಲೋ ಚರ್ಚಿಗೆ ಹೋಗುವವನಲ್ಲ. ಸಾಲದ್ದಕ್ಕೆ, ಈ ಗಾಡಿ ಗುಡ್ಡ ಹತ್ತುವುದಿಲ್ಲವೆಂದು ಮಾಲೀಕ ಕ್ವಿಲ್ಟರನ ಮುಖಕ್ಕೇ ಹೇಳಿದ್ದ.

"ಉಂಡ ಮನೆಗೇ ಎರಡು ಬಗೆದ," ಎಂದ ಕ್ವಿಲ್ಟರ್, ಕಟ್ಟು ಹಾಕಿದ ಬಲಗೈಯನ್ನು ಎದೆಗೊತ್ತಿಕೊಂಡು. ಭಾನುವಾರ ಹೆಬ್ಬೆರಳು ಬಾಗಿಲಿಗೆ ಸಿಕ್ಕಿ, ಚರ್ಚಿಗೂ ಬರಲಾಗಲಿಲ್ಲವಂತೆ.

ಲವೀನಿಯಳ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮಿಸ್ ಪ್ರೂಡೆನ್ಸ್ ನಿವೃತ್ತ ಟೀಚರು. ಊರಿನ ಎಷ್ಟೋ ಸಿಕ್ಕುಗಳನ್ನು ಬಿಡಿಸಿದ ಹೆಂಗಸು.

"ಅಳ್ಬೇಡ ಕಣೇ."

"ಅಳ್ತಿಲ್ಲ ಟೀಚರ್. ಉರೀತಿದೀನಿ."

"ಉರಿ. ಉರೀತಾನೇ ಹೇಳು, ಗಾಡಿ ಚಾಲೂ ಮಾಡೋದು ಹೇಗೆ?"

ಲವೀನಿಯ ಅಡುಗೆಯ ಸೌಟನ್ನೇ, ಗಾಡಿಯ ಮೂತಿಗೆ ಸಿಕ್ಕಿಸಿ ಎಂಜಿನ್ ಎಬ್ಬಿಸುವ ಹಿಡಿಕೆಯೆಂದು, ತಿರುಗಿಸಿ ತೋರಿಸಿದಳು. ಹೆಬ್ಬೆರಳನ್ನು ಮಿಕ್ಕ ಬೆರಳುಗಳ ಪಕ್ಕದಲ್ಲೇ ಇಟ್ಟಿದ್ದಳು. ಎಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತದೆ. ಸುತ್ತಿ ಹಿಡಿದವನ ಹೆಬ್ಬೆರಳು ಹೋದಂತೆಯೇ. ಷೆಡ್ಡಿನಲ್ಲಿ ಎಲ್ಲರಿಗೂ ಆರ್ಲೋ ಕಲಿಸಿದ ಮೊದಲ ಪಾಠವದು.

ಮರುದಿನ ಮಿಸ್ ಪ್ರೂಡೆನ್ಸ್ ಷೆರೀಫನಿಗೆ ಹೇಳಿ ಕೆಲಸಗಾರರು, ಬಂಡವಾಳಗಾರರು, ಊರಿನ ಡಾಕ್ಟರು ಎಲ್ಲರನ್ನೂ ಷೆಡ್ಡಿನಲ್ಲಿ ಸೇರಿಸಿದಳು. ಇನ್ನೊಂದು ಗಾಡಿಯ ಹಿಡಿಕೆಯನ್ನು ಒಬ್ಬೊಬ್ಬರೂ ಹಿಡಿಯಬೇಕೆಂದಳು. ಕೆಲಸಗಾರರೆಲ್ಲ, ಬೇಡಿ ಬಿಚ್ಚಿಸಿಕೊಂಡ ಆರ್ಲೋನೂ, ಹೆಬ್ಬೆರಳನ್ನು ಮಿಕ್ಕ ಬೆರಳುಗಳ ಪಕ್ಕದಲ್ಲೇ ಇಟ್ಟು ಹಿಡಿದರು. ಕ್ವಿಲ್ಟರ್ ನಗುತ್ತ ಎಡಗೈ ಚಾಚಿದ. ಅವನ ಹೆಬ್ಬೆರಳು ಹಿಡಿಕೆಯನ್ನು ಸುತ್ತಿಕೊಂಡಿತು.

"ಓಡ್ಸೋಕೆ ನಿಮಗೆ ಬರುತ್ತೆ ಸಾರ್," ಎಂದಳು ಟೀಚರ್. "ಆದ್ರೆ ಚಾಲೂ ಮಾಡೋಕೆ ದಿನಾ ಒಬ್ಬ ಆಳು ಇರ್ತಿದ್ದ. ಭಾನುವಾರ ಇರ್ಲಿಲ್ಲ, ನೀವೇ ತಿರುಗಿಸಿದ್ರಿ."

ಬಾಗಿಲಿಗೆ ಸಿಕ್ಕ ಬೆರಳು ಜಜ್ಜಿಹೋಗುತ್ತದೆ, ಇದು ಬುಡದಲ್ಲಿ ಹಿಂದಕ್ಕೆ ತಿರುಚಿ ಮುರಿದಿದೆ ಎಂದು ಕಟ್ಟು ಹಾಕಿದ ಡಾಕ್ಟರ್ ಒಪ್ಪಿಕೊಂಡ. ಗಾಡಿ ಗುಡ್ಡದಲ್ಲಿ ನಿಂತರೆ ಕಂಪನಿಯ ಮಾನ ಹೋಗುತ್ತಿತ್ತು; ಗಾಡಿಯೇ ಇಲ್ಲದಿದ್ದರೆ ತಪ್ಪು ಇನ್ನೊಬ್ಬನದು. ಟೀಚರ್ ಇಷ್ಟು ಹೇಳುವಷ್ಟರಲ್ಲಿ ಕ್ವಿಲ್ಟರ್ ತಲೆ ತಗ್ಗಿಸಿದ್ದ.

ಬಂಡವಾಳಗಾರರು ಮೂಲೆಯಲ್ಲಿ ಪಿಸುಗುಟ್ಟಿದರು. ಗಾಡಿ ಅವನದೇ, ಕೇಸು ಬೇಡವೆಂದರು. ಷೆರೀಫ್ ಆಗಲೆಂದು ಬೇಡಿಯನ್ನು ಜೇಬಿಗಿಳಿಸಿದ.

"ಏನೋ ಆಗ್ಹೋಯ್ತು ಆರ್ಲೋ," ಎಂದ ಕ್ವಿಲ್ಟರ್. "ನಾಳೆ ಕೆಲಸಕ್ಕೆ ಬಾ."

ಬೇಡಿಯ ಗುರುತು ಇನ್ನೂ ಕೆಂಪಗಿದ್ದ ಕೈಗಳಲ್ಲಿ ಟೋಪಿ ಹಿಡಿದು ಆರ್ಲೋ, "ಆಗ್ಲಿ ಸಾರ್," ಎಂದ.

ಲವೀನಿಯಳ ಉರಿ ಕ್ವಿಲ್ಟರನನ್ನು ಬಿಟ್ಟು, ಅಷ್ಟು ಸುಲಭಕ್ಕೆ ತಲೆಬಾಗಿದ ಗಂಡನ ಕಡೆ ತಿರುಗಿತು. ಅವಳು ಅರ್ಧಕ್ಕೆ ನಿಂತಿದ್ದ ಸೀಟಿನ ಬಳಿ ಹೋದಳು. ಸೂಜಿಯನ್ನು ದಾರದಿಂದ ಬಿಡಿಸಿ, ತಾನೇ ಕತ್ತರಿಸಿಕೊಂಡಿದ್ದ ಸೀಟಿನ ಅಳತೆಯ ರಟ್ಟುಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡಳು. ಅವನು ಬರಲಿ, ಬಿಡಲಿ. ನಾಳೆ ಬೆಳಗಿನ ರೈಲು ಟೊಲೀಡೊ ಪಟ್ಟಣಕ್ಕೆ ಹೋಗುತ್ತದೆ; ಅಲ್ಲಿಯ ಗಾಡಿಗಳಿಗೂ ಸೀಟು ಹೊಲಿಯುವವರು ಬೇಕು.

"ಮನೆಗಾ?" ಎಂದು ಆರ್ಲೋ ಕೇಳಿದ.

"ಹೂಂ," ಎಂದಳು.