ಎಡಕ್ಕೆ ಸರಿದ ಫೋನ್ ನಂಬರ್

"ನಿಮ್ ಪೇಜಿನಾಗ ಫೋನ್ ನಂಬರೇ ಇಲ್ಲವಲ್ಲವ್ವಾ! ಹುಡುಕಿ ಹುಡುಕಿ ಸಾಕಾತು. ಅದಕ್ಕೇ ಬಸ್ ಹತ್ತಿ ಬಂದೆ."

ಹದಡಿಯ ಹಂಪವ್ವ ಮಗಳ ಮದುವೆ ರವಿಕೆಯ ಬಟ್ಟೆ ಹಿಡಿದು ಹರಿಹರದ ಅಂಗಡಿ ಬಾಗಿಲಲ್ಲಿ ಹೀಗೆಂದಾಗ ಖೈರುನ್ನೀಸಾ ಸೂಜಿ ಕೆಳಗಿಟ್ಟಳು. ಮೊಬೈಲಿನಲ್ಲಿ ತನ್ನ ಅಂಗಡಿಯ ವೆಬ್ ಪೇಜು ತೆರೆದಳು. ಜರಿ ಕೆಲಸದ ಫೋಟೊಗಳಿದ್ದವು, ವಿಳಾಸವಿತ್ತು. ನಂಬರಿದ್ದ ಹಸಿರು ಪಟ್ಟಿ ಮಾತ್ರ ಮಾಯ! ಭರ್ತಿ ಮದುವೆ ಸೀಸನ್ನಿನಲ್ಲಿ ಫೋನು ತೆಪ್ಪಗೆ ಬಿದ್ದಿದ್ದು ಇದಕ್ಕೇ.

ಇದು ರೇವಂತನದೇ ಕೆಲಸ! ಪೇಜು ಕಟ್ಟಿಕೊಟ್ಟ ಎಸ್.ಎಸ್. ಬಡಾವಣೆಯ ಆ ಹುಡುಗನ ಜೊತೆ ಮೊನ್ನೆಯಷ್ಟೇ ಜಗಳವಾಗಿತ್ತು. ಅವನ ಮೇಲೆ ಪೊಲೀಸರಿಗೆ ದೂರು ಕೊಟ್ಟೇ ಸಿದ್ಧ. ಆದರೆ ಠಾಣೆಯಲ್ಲಿ ಸಾಕ್ಷಿ ಕೇಳುತ್ತಾರಲ್ಲ? ಮಗಳು ಸಿಮ್ರಾನಳ ಸ್ಕೂಟಿ ಹತ್ತಿ, ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ರೇಖಾಳ ಮನೆಗೆ ಹೊರಟಳು. ದಾರಿಯುದ್ದಕ್ಕೂ ರೇವಂತನಿಗೆ ಹಿಡಿಶಾಪ.

"ಕೂಡ್ರಿ ಅಕ್ಕ," ಎಂದಳು ರೇಖಾ. "ಪೇಜು ತಿದ್ದೋ ಪಾಸ್‌ವರ್ಡ್ ಯಾರ್ಯಾರ ಹತ್ರ ಐತೆ?"

"ರೇವಂತನ ಹತ್ರ. ಆಮೇಲೆ ನಮ್ಮಣ್ಣನ ಮಗ ಇಮ್ರಾನ್—ಉರ್ದು ಪೇಜು ಬರೆದುಕೊಟ್ಟೋನು. ಈಗ ತಾನೂ ಬೇರೆ ಅಂಗಡಿ ಇಟ್ಟಾನೆ. ಇನ್ನು ಈ ನನ್ನ ಮಗಳು, ಫೋಟೊ ಹಾಕಕ್ಕೆ."

"ಫೋನೇ ಬಂದಿಲ್ವಾ?"

"ಅಲ್ಲೊಂದು ಇಲ್ಲೊಂದು ಬಂದಾವೆ."

"ಕನ್ನಡದಾಗ ಮಾತಾಡೋರು?"

ಖೈರುನ್ನೀಸಾ ತಡವರಿಸಿದಳು. "ಇಲ್ಲ... ಎಲ್ಲಾ ಉರ್ದು ಮಾತಾಡೋ ನಮ್ಮೋರೇ. ಯಾಕ?"

ರೇಖಾ ಉರ್ದು ಪೇಜು ತೆರೆದಳು. "ಇದೇನು ಬರೆದೈತೆ ಓದಮ್ಮ ಸಿಮ್ರಾನ್."

"ಅವಳಿಗೆಲ್ಲಿ ಬರತೈತೆ!" ಖೈರುನ್ನೀಸಾ ಮಗಳನ್ನು ಸರಿಸಿ ತಾನೇ ಬಗ್ಗಿದಳು. ಹಸಿರು ಪಟ್ಟಿ, ಅದರೊಳಗೆ ಅವಳ ನಂಬರು! "ಅರೇ, ಇಲ್ಲೈತಲ್ಲ! ಇದೇನು ಮಾಟಾನಾ?"

"ಮಾಟ ಅಲ್ರಿ, ಮಾರ್ಜಿನ್. ಪೇಜಿನ ಮೇಲಿನ ಒಂದೊಂದರ ಸುತ್ತ ಎಷ್ಟು ಜಾಗ ಬಿಡಬೇಕು ಅಂತ ಬರೆದಿರ್ತಾರೆ. ಯಾರೋ ಈ ಪಟ್ಟಿಯ ಎಡಗಡೆ ಮಾರ್ಜಿನ್ನಿಗೆ ಮೈನಸ್ ಹಾಕಿ ಸಾವಿರಗಟ್ಟಲೆ ಅಂಕಿ ಬರೆದಾರೆ. ಪಟ್ಟಿ ಅಳಿಸಿಲ್ಲ—ಸ್ಕ್ರೀನ್ ದಾಟಿ ಎಡಕ್ಕೆ ಹೋಗಿ ಕುಂತೈತೆ."

"ಉರ್ದುವಿನಾಗ ಹೋಗಿಲ್ವಲ್ಲ?"

"ಎರಡಕ್ಕೂ ಈ ಅಳತೆ ಬರೆಯೋ ಸ್ಟೈಲ್ ಫೈಲ್ ಒಂದೇ. ಆದ್ರೆ ಉರ್ದು ಬಲಗಡೆಯಿಂದ ಶುರು. ಅಲ್ಲಿ ಪಟ್ಟಿ ಬಲ ಅಂಚು ಹಿಡಿದು ನಿಲ್ಲತೈತೆ, ಎಡ ಮಾರ್ಜಿನ್ ಮಾತು ನಡೆಯಲ್ಲ. ಮಾಡಿದೋರು ಕನ್ನಡ ಪೇಜು ಒಂದನ್ನೇ ನೋಡಿ ಸುಮ್ಮನಾಗ್ಯಾರೆ."

"ರೇವಂತನಿಗೆ ಉರ್ದು ಬರಲ್ಲ!" ಖೈರುನ್ನೀಸಾ ಗೆದ್ದವಳಂತೆ ಎದ್ದೇ ನಿಂತಳು.

"ಆದ್ರೆ ಎರಡಕ್ಕೂ ಒಂದೇ ಫೈಲ್ ಮಾಡಿದೋನೇ ಅವನು. ಅವನಾಗಿದ್ರೆ ಎರಡೂ ಕಡೆ ನೋಡ್ತಿದ್ದ. ಇಮ್ರಾನ್ ಮೊದಲು ನೋಡೋದೇ ಉರ್ದು ಪೇಜು. ಉಳಿದೋರು ಒಬ್ಬರೇ. ಉರ್ದು ಮಾತಾಡ್ತಾರೆ, ಓದಕ್ಕೆ ಬರಲ್ಲ. ಆ ಪೇಜು ತೆಗೆದೇ ನೋಡಿಲ್ಲ."

ಸಿಮ್ರಾನ್ ಎದ್ದು ಬಾಗಿಲ ಕಡೆ ಸರಿದಳು.

"ನೀನೇನೇ?" ಖೈರುನ್ನೀಸಾ ಮಗಳ ಕೈ ಹಿಡಿದಳು. "ಯಾಕ?"

"ನರ್ಸಿಂಗ್ ಸೇರ್ತೀನಿ ಅಂದಾಗೆಲ್ಲ ಸೀಸನ್ ಮುಗೀಲಿ ಅಂತೀಯ ಅಮ್ಮಿ. ಹೋದ ವರ್ಷನೂ ಅದೇ ಅಂದೆ. ಅದು ಮುಗಿಯೋದೇ ಇಲ್ಲ. ಅದಕ್ಕೇ ನಾನೇ ಮುಗಿಸಿದೆ."

ಪರರ ಮುಂದೆ ಮಾನ ಹೋಯಿತೆಂದು ಖೈರುನ್ನೀಸಾಗೆ ಮೈಯೆಲ್ಲ ಉರಿದುಹೋಯಿತು. "ಇಷ್ಟು ಬುದ್ಧಿ ಓಡಿಸೋಳು ನಾಲ್ಕಕ್ಷರ ಉರ್ದು ಕಲಿಯಾಕೆ ಏನಾಗಿತ್ತು?"

"ಓಣಿ ಮಕ್ಕಳೆಲ್ಲ ಕಲಿಯಾಕೆ ಹೋಗೋ ಹೊತ್ತಿಗೆ ನನ್ನ ಮಣಿ ಪೋಣಿಸಾಕೆ ಕೂರಿಸ್ತಿದ್ದೆಯಲ್ಲ ಅಮ್ಮಿ."

ಖೈರುನ್ನೀಸಾ ಹಿಡಿದ ಕೈ ಬಿಟ್ಟಳು. ಹೌದು, ಕೂರಿಸಿದ್ದಳು.

ರೇಖಾ ಕೀಬೋರ್ಡಿನ ಮೇಲೆ ಬೆರಳಿಟ್ಟಳು. "ಸರಿ ಮಾಡ್ಲೇನ್ರಿ ಅಕ್ಕ? ಆ ಅಂಕಿ ತೆಗೆದು ಒಂದು ಸೊನ್ನೆ ಹಾಕಿದ್ರೆ ಆತು."

"ಈಗ ಬ್ಯಾಡ್ರಿ," ಎಂದು ಖೈರುನ್ನೀಸಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಮೊದ್ಲು ರೇವಂತನಿಗೆ ಫೋನ್ ಹಚ್ಚಿ ಕೊಡ್ರಿ, ಸುಮ್ಮನೆ ಅನುಮಾನಪಟ್ಟೆ, ತಪ್ಪಾತು ಅನ್ನಬೇಕು. ಆಮೇಲೆ ಆ ನರ್ಸಿಂಗ್ ಕಾಲೇಜು ಎಷ್ಟೊತ್ತಿನತನಕ ತೆಗೆದಿರತೈತೆ ಕೇಳಿ ಹೇಳ್ರಿ. ಇವಳ ಸೀಟು ಆಗೋತನಕ ನನ್ನ ನಂಬರು ಆ ಎಡಗಡೆಗೇ ಇರಲಿ."